ಜಯಾನ್‌ನನ್ನು ಇಟ್ಟುಕೊಳ್ಳೋದಾ, ಕೊಟ್ಟುಬಿಡೋದಾ?

ಪ್ರಶ್ನೆ ಇಷ್ಟೇ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ನ್ಯೂ ಆರ್ಲಿಯನ್ಸ್ ಪೆಲಿಕನ್ಸ್ ತಂಡ ಜಯಾನ್ ವಿಲಿಯಮ್ಸನ್‌ನನ್ನು ನಂಬಿಕೊಂಡು ಮುಂದೆ ಹೋಗಬೇಕಾ, ಇಲ್ಲಾ ಬೇರೆ ತಂಡಕ್ಕೆ ಕೊಟ್ಟು ಕೈ ತೊಳೆದುಕೊಳ್ಳಬೇಕಾ? ಪರವಾಗಿ ಬರೆದವರು ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ವಿರೋಧವಾಗಿ ಬರೆದವರು ತೀರ್ಥಹಳ್ಳಿ ಕಡೆ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು. ಇಬ್ಬರೂ ಭಾವ-ಭಾಮೈದ. ಇಲ್ಲಿರುವ ಲೆಕ್ಕವೆಲ್ಲ 2024-25ರ ಸೀಸನ್ ಮುಗಿಯುವವರೆಗಿನದು. ಬರೆದದ್ದು 2025ರ ಮಳೆಗಾಲದಲ್ಲಿ, ಹೊಸ ಸೀಸನ್ ಶುರುವಾಗುವ ಮೊದಲು.

ಪರ: ಈಗ ಕೊಡುವ ಹೊತ್ತಲ್ಲ

ಒಪ್ಪಿಕೊಳ್ಳಬೇಕಾದ್ದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಜಯಾನ್ ಬಂದ ಮೇಲೆ ಆರು ಸೀಸನ್‌ಗಳಲ್ಲಿ ಪೆಲಿಕನ್ಸ್ ಆಡಿದ್ದು 472 ಲೀಗ್ ಪಂದ್ಯ. ಅವನು ಅಂಕಣಕ್ಕೆ ಇಳಿದದ್ದು 214ರಲ್ಲಿ. ಅರ್ಧಕ್ಕೂ ಕಮ್ಮಿ. 2021-22ರಲ್ಲಂತೂ ಒಂದೇ ಒಂದು ಪಂದ್ಯ ಇಲ್ಲ. ನನ್ನ ಭಾಮೈದ ಇದನ್ನು ಕೆಳಗೆ ಹೇಗೂ ಎತ್ತಿ ಆಡ್ತಾನೆ. ನಾನೇ ಮೊದಲು ಹೇಳಿಬಿಟ್ಟರೆ ಅವನ ಕೈಯಲ್ಲಿ ಒಂದು ಕಲ್ಲು ಕಮ್ಮಿ.

ಆದರೆ ಆ 214 ಪಂದ್ಯಗಳಲ್ಲಿ ಏನು ಮಾಡಿದ ಅನ್ನೋದನ್ನೂ ನೋಡಬೇಕಲ್ವಾ? ಪಂದ್ಯಕ್ಕೆ ಸುಮಾರು 25 ಅಂಕ. ಎಸೆದ ಹತ್ತು ಚೆಂಡಿನಲ್ಲಿ ಹತ್ತಿರ ಹತ್ತಿರ ಆರು ಬುಟ್ಟಿಯೊಳಗೆ. 2020-21ರಲ್ಲಿ 61 ಪಂದ್ಯ ಆಡಿ ಸರಾಸರಿ 27 ಅಂಕ ತೆಗೆದ. ಆಗ ಅವನಿಗೆ ಇಪ್ಪತ್ತು ವರ್ಷ, ಲೀಗ್‌ನ ಆಯ್ದ ಆಟಗಾರರ ಆಲ್‌ಸ್ಟಾರ್ ಪಂದ್ಯಕ್ಕೂ ಹೋದ. ಆ ಅಂಕಗಳಲ್ಲಿ ಇಪ್ಪತ್ತಕ್ಕೂ ಜಾಸ್ತಿ ಬುಟ್ಟಿಯ ಕೆಳಗೆ, ಪೇಂಟ್‌ನೊಳಗೇ ಬಂದದ್ದು. ಅಲ್ಲಿ ಏಳಡಿ ಆಳುಗಳು ಕೈ ಎತ್ತಿ ನಿಂತಿರ್ತಾರೆ. ಇವನ ಎತ್ತರ ಆರಡಿ ಆರಿಂಚು, ತೂಕ ದಾಖಲೆಯಲ್ಲಿರುವ ಪ್ರಕಾರ ಸುಮಾರು 129 ಕೆ.ಜಿ.

ಅವನ ಆಟ ನೋಡದವರಿಗೆ ಒಂದು ವಿಷಯ ಹೇಳಬೇಕು. ಅವನ ಎರಡನೇ ಜಿಗಿತ. ಎಡಗೈಯಲ್ಲಿ ಚೆಂಡು ಬಡಿಯುತ್ತಾ ಒಳಗೆ ನುಗ್ಗುತ್ತಾನೆ, ಹಾರ್ತಾನೆ, ಹಾಕ್ತಾನೆ. ಒಮ್ಮೊಮ್ಮೆ ಚೆಂಡು ರಿಂಗಿಗೆ ಬಡಿದು ವಾಪಸ್ ಬರುತ್ತೆ. ಜೊತೆಗೆ ಹಾರಿದ ಡಿಫೆಂಡರ್ ಆಗಷ್ಟೇ ನೆಲಕ್ಕೆ ಇಳಿದು ಮಂಡಿ ಬಗ್ಗಿಸ್ತಿರ್ತಾನೆ, ಅಷ್ಟರಲ್ಲಿ ಇವನು ಮತ್ತೆ ಮೇಲೆ. ಅದೇ ಚೆಂಡು ಹಿಡಿದು ಮತ್ತೆ ಹಾಕಿ ಆಗಿರುತ್ತೆ. ನಮಗೆ ಎನ್‌ಬಿಎ ಅಂದರೆ ಬೆಳಗಿನ ಆಟ. ಅಲ್ಲಿ ರಾತ್ರಿಯಾದರೆ ಇಲ್ಲಿ ಐದೂವರೆ, ಆರು ಗಂಟೆ. ಬಚ್ಚಲೊಲೆಗೆ ಬೆಂಕಿ ಹಾಕಿ ಅಲ್ಲೇ ಫೋನ್ ಹಿಡಿದು ಕೂತವನು, ಆ ಎರಡನೇ ಜಿಗಿತ ನೋಡಿ ಸೌದೆ ಮುಂದೆ ದೂಡೋದನ್ನೇ ಮರೆತಿದ್ದೇನೆ.

ಸರಿ, ಆಟ ಚೆಂದ. ಚೆಂದ ನೋಡಿಕೊಂಡು ತಂಡ ನಡೆಸೋಕಾಗಲ್ಲ ಅಂತೀರಿ. ಹಾಗಾದರೆ ದುಡ್ಡಿನ ವಿಷಯಕ್ಕೇ ಬರೋಣ, ಅದು ನನ್ನ ಕಸುಬು.

ಜಯಾನ್ 2022ರಲ್ಲಿ ಸಹಿ ಹಾಕಿದ್ದು ಐದು ವರ್ಷದ ಕರಾರಿಗೆ, ಒಟ್ಟು ಸುಮಾರು 197 ಮಿಲಿಯನ್ ಡಾಲರ್. ಶುರುವಾದದ್ದು 2023-24ರಲ್ಲಿ, ಮುಗಿಯೋದು 2027-28ಕ್ಕೆ. ಬರುವ ಸೀಸನ್‌ಗೆ 39.4 ಮಿಲಿಯನ್. ಕೇಳಿದರೆ ಎದೆ ಝಲ್ಲೆನ್ನುತ್ತೆ. ಆದರೆ ಕರಾರಿನ ಒಳಗೆ ಏನಿದೆ ನೋಡಿ. ಬೇರೆ ಸ್ಟಾರ್‌ಗಳ ಹಾಗೆ ಇವನ ದುಡ್ಡೆಲ್ಲ ಗಟ್ಟಿ ಅಲ್ಲ. ಅಲ್ಲಿನ ಪತ್ರಿಕೆಗಳು ಬರೆದಿರುವ ಪ್ರಕಾರ ಆಗಾಗ ತೂಕ ಹಾಕಿಸಿಕೊಳ್ಳಬೇಕು. ಪೌಂಡಿನಲ್ಲಿ ಬಂದ ತೂಕಕ್ಕೆ ದೇಹದ ಕೊಬ್ಬಿನ ಶೇಕಡಾವಾರು ಸೇರಿಸಿದರೆ 295 ದಾಟಬಾರದು. ಇಷ್ಟಿಷ್ಟು ಪಂದ್ಯ ಆಡಿದರೆ ಇಷ್ಟಿಷ್ಟು ದುಡ್ಡು ಗಟ್ಟಿ ಅಂತ ಮೆಟ್ಟಿಲುಗಳೂ ಇವೆ. ಅಂದರೆ ಅವನು ಆಡದಿದ್ದರೆ ಮುಂದಿನ ವರ್ಷಗಳಲ್ಲಿ ತಂಡಕ್ಕೆ ತಪ್ಪಿಸಿಕೊಳ್ಳೋ ದಾರಿ ಇದೆ. ಗಾಯದ ಭಯಕ್ಕೆ ತಂಡ ಮೊದಲೇ ಬೇಲಿ ಹಾಕಿಕೊಂಡಿದೆ. ಬೇಲಿ ಹಾಕಿದ ಮೇಲೂ ತೋಟ ಮಾರಿ ಓಡೋದು ಯಾಕೆ?

ಈಗ ಮಾರಿದರೆ ರೇಟು ಎಷ್ಟು? ಶಿವಮೊಗ್ಗದ ಮಾರುಕಟ್ಟೆಯಲ್ಲಿ ಯಾರನ್ನು ಬೇಕಾದರೂ ಕೇಳಿ. ರಾಶಿ ಅಡಿಕೆಗೆ ರೇಟು ಬಿದ್ದ ವಾರ ಮಾಲು ಇಳಿಸುವವನು ಸಾಲ ಮೈಮೇಲೆ ಬಂದವನು ಮಾತ್ರ. ಉಳಿದವರು ಚೀಲದ ಬಾಯಿ ಹೊಲಿದು ಇಟ್ಕೊಳ್ತಾರೆ. ಜಯಾನ್ ಹೋದ ಸೀಸನ್‌ನಲ್ಲಿ ಆಡಿದ್ದು 30 ಪಂದ್ಯ. ಅವನ ಹೆಸರಿಗೆ ಇದಕ್ಕಿಂತ ಕಮ್ಮಿ ರೇಟು ಇನ್ನಿಲ್ಲ. ಈಗ ಕೊಂಡುಕೊಳ್ಳಲು ಬರುವವರು ಚೌಕಾಸಿ ಮಾಡಿ ಮಾಡಿ ಕೊನೆಗೆ ಕೆಳದರ್ಜೆಯ ಅಡಿಕೆ, ಗೊರಬಲಿನ ರೇಟು ಹೇಳ್ತಾರೆ.

ಇನ್ನೊಂದು ಕಾರಣ ಇದೆ, ನನಗೆ ಅದೇ ದೊಡ್ಡದು. ಎನ್‌ಬಿಎಯಲ್ಲಿ ಸೋತ ತಂಡಕ್ಕೂ ಲಾಭ ಉಂಟು. ತಂಡಗಳು ಸರದಿಯಲ್ಲಿ ಹೊಸ ಹುಡುಗರನ್ನು ಆರಿಸಿಕೊಳ್ಳೋದಕ್ಕೆ ಡ್ರಾಫ್ಟ್ ಅಂತಾರೆ, ಕೆಳಗೆ ಉಳಿದವರಿಗೆ ಮುಂದಿನ ಡ್ರಾಫ್ಟ್‌ನಲ್ಲಿ ಮೊದಲ ಸಾಲಿನ ಹುಡುಗರು ಸಿಗ್ತಾರೆ. ಜಯಾನ್‌ನನ್ನು ಕೊಟ್ಟು, ಎರಡು ವರ್ಷ ಸೋತು, ಹೊಸಬರಿಂದ ಕಟ್ಟೋಣ ಅನ್ನೋರ ಲೆಕ್ಕ ಇದೇ. ಆದರೆ ಪೆಲಿಕನ್ಸ್ 2025ರ ಜೂನ್‌ನಲ್ಲಿ ಏನು ಮಾಡಿದರು? ಡೆರಿಕ್ ಕ್ವೀನ್ ಎಂಬ ಹುಡುಗನನ್ನು ತರೋಕೆ ತಮ್ಮ 2026ರ ಮೊದಲ ಸುತ್ತಿನ ಆಯ್ಕೆಯನ್ನು ಯಾವ ಷರತ್ತೂ ಇಲ್ಲದೆ ಅಟ್ಲಾಂಟಾಕ್ಕೆ ಬರೆದುಕೊಟ್ಟರು. ಅದು ಸರಿಯೋ ತಪ್ಪೋ ಬೇರೆ ಮಾತು. (ನನ್ನ ಕೇಳಿದರೆ ತಪ್ಪು.) ಈಗ ಇವರು ಸೋತಷ್ಟೂ ಅಟ್ಲಾಂಟಾದವರಿಗೆ ಹಬ್ಬ. ಸೋಲೋದರಿಂದ ಮೂರು ಕಾಸಿನ ಪ್ರಯೋಜನ ಇಲ್ಲದಿರುವಾಗ ಇರುವ ಒಬ್ಬ ದೊಡ್ಡ ಆಟಗಾರನನ್ನು ಕಳಿಸಿ ಇನ್ನೂ ಸೋಲೋದು ಯಾವ ಜಾಣತನ?

ಮುಂದೆ ಸುಧಾರಿಸ್ತಾನಾ? ಸುಧಾರಿಸಿದ್ದಾನೆ, ಗಾಯದ ಗಲಾಟೆಯಲ್ಲಿ ಅದು ಯಾರ ಕಣ್ಣಿಗೂ ಬಿದ್ದಿಲ್ಲ. ಮೊದಲ ವರ್ಷ ಅವನಿಗೆ ಚೆಂಡು ಕೊಟ್ಟರೆ ಬುಟ್ಟಿಗೇ ಹೋಗ್ತಿತ್ತು. ಈಗ ಮೂವರು ಬಂದು ಸುತ್ತುವರಿದರೆ ಮೂಲೆಯಲ್ಲಿ ಒಂಟಿಯಾಗಿ ನಿಂತವನಿಗೆ ಪಾಸ್ ಹೋಗುತ್ತೆ. 2024-25ರ ಆ 30 ಪಂದ್ಯದಲ್ಲೇ ಸರಾಸರಿ 5.3 ಅಸಿಸ್ಟ್ (ಬುಟ್ಟಿಯಲ್ಲಿ ಮುಗಿದ ಪಾಸ್), ಅವನ ಅಲ್ಲಿವರೆಗಿನ ಅತಿ ಹೆಚ್ಚು. ಮೊದಲ ಟ್ರಿಪಲ್ ಡಬಲ್, ಅಂದರೆ ಒಂದೇ ಪಂದ್ಯದಲ್ಲಿ ಮೂರು ಲೆಕ್ಕಗಳಲ್ಲಿ ಎರಡಂಕಿ, ಬಂದದ್ದೂ ಆ ಫೆಬ್ರವರಿಯಲ್ಲೇ. ಇವತ್ತಿಗೂ ಅವನಿಗೆ ಇಪ್ಪತ್ತೈದು.

ಸ್ಟೀಫನ್ ಕರ್ರಿಯ ಕಥೆ ಎಲ್ಲರಿಗೂ ಗೊತ್ತು. 2011-12ರಲ್ಲಿ ಪಾದದ ಗಂಟು ಪದೇ ಪದೇ ಉಳುಕಿ 26 ಪಂದ್ಯ ಮಾತ್ರ ಆಡಿದ. ಅವನ ತಂಡ ಗೋಲ್ಡನ್ ಸ್ಟೇಟ್ ಆದರೂ ನಾಲ್ಕು ವರ್ಷಕ್ಕೆ 44 ಮಿಲಿಯನ್ ಕೊಟ್ಟು ಉಳಿಸಿಕೊಂಡಿತು. 2015ರಲ್ಲಿ ಅವನೇ ಎಂವಿಪಿ (ಸೀಸನ್‌ನ ಶ್ರೇಷ್ಠ ಆಟಗಾರ), ತಂಡ ಚಾಂಪಿಯನ್. ಅಷ್ಟು ದೂರ ಯಾಕೆ, ಕಬಡ್ಡಿಯಲ್ಲಿ ಬೆಂಗಳೂರು ಬುಲ್ಸ್‌ನಲ್ಲಿದ್ದ ಪವನ್ ಸೆಹ್ರಾವತ್‌ನನ್ನೇ ನೋಡಿ. 2022ರಲ್ಲಿ ತಮಿಳ್ ತಲೈವಾಸ್ 2.26 ಕೋಟಿಗೆ ಕೊಂಡರು, ಮೊದಲ ಪಂದ್ಯದಲ್ಲೇ ಮಂಡಿ ಹೋಯ್ತು, ಸೀಸನ್ ಪೂರ್ತಿ ಹೊರಗೆ. ಮುಗೀತು ಅಂದರು. ಮುಂದಿನ ಹರಾಜಿನಲ್ಲಿ ತೆಲುಗು ಟೈಟನ್ಸ್ ಅವನಿಗೇ 2.6 ಕೋಟಿ ಕೊಟ್ಟರು, ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ಭಾರತ ತಂಡಕ್ಕೆ ಅವನೇ ನಾಯಕ. ಮೈ ಮುರಿದವರೆಲ್ಲ ಮೂಲೆ ಸೇರಲ್ಲ.

ವಿರೋಧ: ಆರು ವರ್ಷ ಕಾದದ್ದು ಸಾಲದಾ?

ಭಾವ ಮಂಡಿಯ ಲೆಕ್ಕ ಬಿಡಲ್ಲ ಅಂತ ಗೊತ್ತಿತ್ತು. ಅಡಿಕೆ ಇಟ್ಟರೆ ರೇಟು ಏರಬಹುದು ನಿಜ. ಇಟ್ಟಲ್ಲೇ ಹುಳ ಹಿಡಿಯೋದನ್ನು ಅವರು ಬರೆಯಲೇ ಇಲ್ಲ. ಇರಲಿ, ನನಗೆ ಗೊತ್ತಿರೋದು ಮಕ್ಕಳ ಕಾಲು, ಅದರಿಂದಲೇ ಶುರು ಮಾಡ್ತೇನೆ.

ನಮ್ಮಲ್ಲಿ ಹೋಬಳಿ ಮಟ್ಟದ ಆಟ, ತಾಲೂಕು ಮಟ್ಟದ ಆಟ ಎಲ್ಲ ಬರೋದು ಸರಿಯಾಗಿ ಮಳೆಗಾಲಕ್ಕೆ. ಸಿಮೆಂಟ್ ಅಂಕಣದ ಮೇಲೆ ಪಾಚಿ. ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಸಿದರೂ ಬುಟ್ಟಿಯ ಕೆಳಗೆ, ನೀರು ನಿಲ್ಲೋ ಜಾಗದಲ್ಲಿ, ಯಾರಾದರೊಬ್ಬರು ಜಾರೋದೇ. ಪಾದದ ಗಂಟು ಉಳುಕುತ್ತೆ. ಮನೆಯವರು ಉಳುಕು ತೆಗೆಯುವವರ ಹತ್ತಿರ ಕರ್ಕೊಂಡು ಹೋಗಿ ಎಣ್ಣೆ ತಿಕ್ಕಿಸ್ತಾರೆ. ನಾಲ್ಕು ದಿನ ಬಿಟ್ಟು ಹುಡುಗ ಬಂದು "ಸರಿ ಹೋಯ್ತು ಸಾರ್" ಅಂತಾನೆ. ನಾನು ಅವನ ಮಾತು ಕೇಳಲ್ಲ, ಅಂಗಳದಲ್ಲಿ ಓಡಿಸಿ ಹಿಂದಿನಿಂದ ನೋಡ್ತೇನೆ. ನೋವಿರುವ ಕಾಲನ್ನು ನೆಲದಿಂದ ಬೇಗ ಎತ್ತುತ್ತಾನೆ, ಇನ್ನೊಂದು ಕಾಲಿನ ಮೇಲೆ ಹೆಚ್ಚು ಹೊತ್ತು ಊರ್ತಾನೆ. ಅವನಿಗೇ ಗೊತ್ತಿರಲ್ಲ. ಹಾಗೇ ಆಡೋಕೆ ಬಿಟ್ಟರೆ ತಿಂಗಳೊಳಗೆ ಆ ಒಳ್ಳೆ ಕಾಲಿನ ತೊಡೆ ಹಿಡ್ಕೊಂಡು ಬರ್ತಾನೆ.

ಈಗ ಜಯಾನ್‌ನ ಪಟ್ಟಿ ನೋಡಿ. 2019ರಲ್ಲಿ ಬಲ ಮಂಡಿಯ ಮೆನಿಸ್ಕಸ್, ಮೂಳೆಗಳ ನಡುವಿನ ಮೆತ್ತೆ, ಹರಿದು ಆಪರೇಷನ್. 2021ರಲ್ಲಿ ಬಲ ಪಾದದ ಐದನೇ ಮೂಳೆ, ಕಿರುಬೆರಳ ಕಡೆಯದು, ಮುರೀತು. ಆ ಮೂಳೆಯ ಬುಡದಲ್ಲಿ ರಕ್ತ ಓಡಾಟ ಕಮ್ಮಿ, ಕೂಡಿಕೊಳ್ಳೋದು ನಿಧಾನ. ಒಂದು ಪೂರ್ತಿ ಸೀಸನ್ ಹೋದದ್ದು ಅದಕ್ಕೇ. 2023ರ ಜನವರಿಯಲ್ಲಿ ಬಲ ತೊಡೆಯ ಹಿಂಭಾಗ, ಹ್ಯಾಮ್‌ಸ್ಟ್ರಿಂಗ್. 2024ರ ಏಪ್ರಿಲ್‌ನಲ್ಲಿ ಎಡ ಹ್ಯಾಮ್‌ಸ್ಟ್ರಿಂಗ್. ಅದೇ ವರ್ಷ ನವೆಂಬರ್‌ನಲ್ಲಿ ಮತ್ತೆ ಎಡ ಹ್ಯಾಮ್‌ಸ್ಟ್ರಿಂಗ್. 2025ರ ಮಾರ್ಚ್‌ನಲ್ಲಿ ಬೆನ್ನು. ಇದನ್ನು ದುರದೃಷ್ಟ ಅನ್ನೋಕೆ ನನಗೆ ಮನಸ್ಸು ಬರಲ್ಲ. ಯಾರೋ ಕಾಲ ಮೇಲೆ ಬಿದ್ದು ಮುರಿದಿದ್ದರೆ ದುರದೃಷ್ಟ. ಇವನದು ಹೆಚ್ಚಿನ ಸಲ ತಾನಾಗಿ, ಓಡುವಾಗ ಹಾರುವಾಗ ಆದದ್ದು. ಹಾರಿ ಇಳಿಯುವಾಗ ಕಾಲಿನ ಮೇಲೆ ಬೀಳೋದು ದೇಹದ ತೂಕದ ಎಷ್ಟೋ ಪಟ್ಟು. ಆ ದೇಹ 129 ಕೆ.ಜಿ. ಭಾವನಿಗೆ ಸೌದೆ ಮರೆಸಿದ ಆ ಎರಡನೇ ಜಿಗಿತ ಇದೆಯಲ್ಲ, ಅದರ ಬಿಲ್ಲು ಬರೋದು ಈ ಪಟ್ಟಿಯಲ್ಲಿ. ಇನ್ನು ಹ್ಯಾಮ್‌ಸ್ಟ್ರಿಂಗ್ ಗುಣ ಎಲ್ಲ ಕೋಚ್‌ಗಳಿಗೂ ಗೊತ್ತು. ಒಮ್ಮೆ ಹರಿದದ್ದು ಮತ್ತೆ ಹರಿಯೋದು ಜಾಸ್ತಿ.

70 ಪಂದ್ಯ ಆಡಿದ ವರ್ಷವೂ ಇದೆ, 2023-24. ಭಾವ ಅದನ್ನು ಯಾಕೆ ಬಿಟ್ಟರೋ, ಅವರ ಪರವಾಗಿ ನಾನೇ ಹೇಳ್ತೇನೆ. ಆ ವರ್ಷ ತಂಡ 49 ಗೆದ್ದಿತು. ಇವನು ಆರೋಗ್ಯವಾಗಿದ್ದರೆ ತಂಡ ಎಲ್ಲಿಗೆ ಹೋಗಬಹುದು ಅನ್ನೋದಕ್ಕೆ ಅದೇ ಸಾಕ್ಷಿ. ಅದು ಹೇಗೆ ಮುಗೀತು ಅನ್ನೋದೇ ನನ್ನ ಸಾಕ್ಷಿ.

ನಮಗೆ ಏಪ್ರಿಲ್ 17ರ ಬೆಳಗು. ಲೇಕರ್ಸ್ ಎದುರು ಪ್ಲೇ-ಇನ್ ಪಂದ್ಯ. ಗೆದ್ದರೆ ನೇರ ಪ್ಲೇಆಫ್, ಚಾಂಪಿಯನ್ ಯಾರು ಅಂತ ತೀರ್ಮಾನ ಮಾಡೋ ಕೊನೆಯ ಹಂತ. ಐದು ಗಂಟೆಗೆ ಎದ್ದು ಕೂತಿದ್ದೆ, ಭಾವನೂ ಫೋನ್‌ನಲ್ಲಿದ್ದರು. ಜಯಾನ್ ಅವತ್ತು ಆಡಿದ ಹಾಗೆ ಮೊದಲೂ ಆಡಿರಲಿಲ್ಲ, ಆಮೇಲೂ ಆಡಿಲ್ಲ. ಲೆಬ್ರಾನ್ ಜೇಮ್ಸ್, ಆಂಥೊನಿ ಡೇವಿಸ್ ಇಬ್ಬರ ಎದುರೂ ಸುಮ್ನೆ ನುಗ್ಗಿ ಹಾಕ್ತಿದ್ದ. ಹಿಂದೆ ಬಿದ್ದಿದ್ದ ತಂಡವನ್ನು ಎಳೆದು ತಂದ. ಮೂರು ನಿಮಿಷ ಚಿಲ್ಲರೆ ಉಳಿದಿತ್ತು, ಇನ್ನೊಂದು ಬುಟ್ಟಿ ಹಾಕಿ 95-95 ಸಮ ಮಾಡಿದ. ಅಲ್ಲಿಗೆ ಅವನದು 40 ಅಂಕ. ಜನ ಎದ್ದು ನಿಂತು ಕೂಗ್ತಿದ್ದಾರೆ, ಇವನು ಹೊರಗೆ ಬರ್ತೇನೆ ಅಂತ ಸನ್ನೆ ಮಾಡಿ ಒಳಗೆ ನಡೆದುಬಿಟ್ಟ. ಎಡ ತೊಡೆ. ಲೇಕರ್ಸ್ 110-106ರಿಂದ ಗೆದ್ದರು. ಪೆಲಿಕನ್ಸ್ ಮುಂದಿನ ಪಂದ್ಯ ಗೆದ್ದು ಹೇಗೋ ಪ್ಲೇಆಫ್ ಸೇರಿದರು, ಅಲ್ಲಿ ಇವನಿಲ್ಲದೆ ಒಕ್ಲಹೋಮಾ ಸಿಟಿ ಕೈಯಲ್ಲಿ ನಾಲ್ಕಕ್ಕೆ ನಾಲ್ಕೂ ಸೋತರು.

ಆರು ಸೀಸನ್ ಆಯ್ತು. ಜಯಾನ್ ಇವತ್ತಿನವರೆಗೆ ಆಡಿದ ಪ್ಲೇಆಫ್ ಪಂದ್ಯ ಸೊನ್ನೆ. 2022ರಲ್ಲಿ ತಂಡ ಫೀನಿಕ್ಸ್ ಎದುರು ಆರು ಪಂದ್ಯದ ಸರಣಿ ಆಡಿದಾಗಲೂ ಇವನು ಕೋಟು ಹಾಕ್ಕೊಂಡು ಬೆಂಚಿನ ಮೇಲಿದ್ದ.

ಸುಧಾರಣೆಯ ಮಾತಿಗೆ ಬರ್ತೇನೆ. ಪಾಸ್ ಚೆನ್ನಾಗಿ ಮಾಡ್ತಾನೆ, ಒಪ್ಪಿದೆ. ಆದರೆ ಇಂಥ ಮೈಯವನಿಗೆ ಬೇಕಾದ ಸುಧಾರಣೆ ಅದಲ್ಲ. ದೂರದಿಂದ ಹಾಕೋದು ಕಲೀಬೇಕು. ದೂರದಿಂದ ಹಾಕಿದ ಪ್ರತಿ ಅಂಕವೂ ಆ ಮಂಡಿಗೆ ಒಂದು ರಜೆ. ಬ್ಲೇಕ್ ಗ್ರಿಫಿನ್ ಕೂಡ ಹಾರಾಟದಲ್ಲೇ ಹೆಸರು ಮಾಡಿದವನು. ಮಂಡಿಚಿಪ್ಪು ಮುರಿದು ಅವನ ಮೊದಲ ಸೀಸನ್ ಪೂರ್ತಿ ಹೋಗಿತ್ತು. ವಯಸ್ಸಾಗ್ತಾ ಬಂದ ಹಾಗೆ ಹಾರೋದು ಕಮ್ಮಿ ಮಾಡಿ ಮೂರಂಕದ ಗೆರೆಯ ಹೊರಗಿನಿಂದ ಎಸೆಯೋದು ರೂಢಿಸಿಕೊಂಡ. 2018-19ರಲ್ಲಿ ಡೆಟ್ರಾಯಿಟ್‌ಗೆ ಆಡಿ ತನ್ನ ಜೀವನದ ಅತಿ ಹೆಚ್ಚಿನ ಸರಾಸರಿ, 24.5 ಅಂಕ, ತೆಗೆದ. ಆಮೇಲೆ ಅವನ ಮಂಡಿಯೂ ಕೈಕೊಟ್ಟಿತು, ಅದನ್ನು ಮುಚ್ಚಿಡಲ್ಲ. ಆದರೆ ಪ್ರಯತ್ನ ಅಂದರೆ ಅದು. ಜಯಾನ್ ಮೂರಂಕಕ್ಕೆ ಎಸೆಯೋದು ಸರಾಸರಿ ಪಂದ್ಯಕ್ಕೆ ಒಂದೂ ಇಲ್ಲ. ಫ್ರೀ ಥ್ರೋ ಕೂಡ ನೂರಕ್ಕೆ ಸುಮಾರು 70. ತಮಾಷೆ ಏನು ಗೊತ್ತಾ? 2020ರ ಜನವರಿಯಲ್ಲಿ ಅವನು ಮೊದಲ ಎನ್‌ಬಿಎ ಪಂದ್ಯ ಆಡಿದಾಗ ನಾಲ್ಕು ಮೂರಂಕ ಎಸೆದು ನಾಲ್ಕನ್ನೂ ಹಾಕಿದ್ದ, ಒಂದೇ ಉಸಿರಿಗೆ ಸತತ 17 ಅಂಕ. ಆ ಬೆಳಿಗ್ಗೆ ನಾವಿಬ್ಬರೂ ಇವನು ಎಲ್ಲಿಂದಾದರೂ ಹಾಕ್ತಾನೆ ಅಂತ ಕುಣಿದಿದ್ವಿ.

ಶಿಸ್ತಿನ ವಿಷಯ ದೊಡ್ಡದು ಮಾಡಲ್ಲ. 2025ರ ಜನವರಿಯಲ್ಲಿ ತಂಡದ ವಿಮಾನಕ್ಕೆ ತಡವಾಗಿ ಬಂದದ್ದಕ್ಕೆ ಸ್ವಂತ ತಂಡವೇ ಒಂದು ಪಂದ್ಯ ಹೊರಗಿಟ್ಟಿತು. ಗಾಯದಿಂದ ಅಷ್ಟೊಂದು ಪಂದ್ಯ ತಪ್ಪಿಸಿಕೊಂಡು ಆಗಷ್ಟೇ ವಾಪಸ್ ಬಂದಿದ್ದ ಸಮಯ ಅದು. ನನ್ನ ಶಾಲೆ ಹುಡುಗ ಬಸ್ಸಿಗೆ ತಡ ಮಾಡಿದರೂ ನಾನು ಅದನ್ನೇ ಮಾಡ್ತೇನೆ, ಅಷ್ಟೇ.

ಭಾವ ಕರ್ರಿಯ ಹೆಸರು ತೆಗೆದರು. ಎಲ್ಲರೂ ಅವನ ಹೆಸರೇ ತೆಗೀತಾರೆ, ಗೆದ್ದವನ ಲಾಟರಿ ಚೀಟಿ ಎಲ್ಲರಿಗೂ ನೆನಪಿರುತ್ತೆ. ಕರ್ರಿಯ ಕರಾರು ವರ್ಷಕ್ಕೆ 11 ಮಿಲಿಯನ್, ತಂಡವೊಂದರ ಒಟ್ಟು ಸಂಬಳಕ್ಕೆ ಆಗಿದ್ದ ಮಿತಿಯಲ್ಲಿ ಐದನೇ ಒಂದು ಪಾಲೂ ಅಲ್ಲ. ಕೈಕೊಟ್ಟಿದ್ದರೂ ತಂಡ ಉಸಿರಾಡ್ತಿತ್ತು. ಜಯಾನ್‌ನ 39.4 ಮಿಲಿಯನ್ ಬರುವ ಸೀಸನ್‌ನ 154.6 ಮಿಲಿಯನ್ ಮಿತಿಯಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ. ಪವನ್ ಸೆಹ್ರಾವತ್ ವಿಷಯ ಇನ್ನೂ ಸುಲಭ. ಒಂದು ಮಂಡಿ, ಒಂದು ಸೀಸನ್. ಆರು ವರ್ಷದಲ್ಲಿ ಆರು ಸಲ ಅಲ್ಲ. ತಲೈವಾಸ್ ಅವನನ್ನು ಮುಂದಿನ ಹರಾಜಿಗೆ ಬಿಟ್ಟುಕೊಟ್ಟೂ ಆಯ್ತು. ಭಾವ ಹೇಳಿದ ಕಥೆಯಲ್ಲಿ ಆ ತಂಡ ಮಾಡಿದ್ದು ನಾನು ಹೇಳ್ತಿರೋದನ್ನೇ!

ಹೋಲಿಸಲೇಬೇಕಾದರೆ ಜೋಯೆಲ್ ಎಂಬೀಡ್ ಜೊತೆ ಹೋಲಿಸಿ. ಅವನೂ ದೊಡ್ಡ ಮೈಯವನು, ಪಾದದ ಮೂಳೆ ಮುರಿದು ಮೊದಲ ಎರಡು ಸೀಸನ್ ಆಡಲೇ ಇಲ್ಲ. ಫಿಲಡೆಲ್ಫಿಯಾ ಕಾಯ್ತು, ಕಾದದ್ದಕ್ಕೆ ಫಲವೂ ಬಂತು. 2022-23ರಲ್ಲಿ ಎಂವಿಪಿ. 2024ರ ಜನವರಿಯಲ್ಲಿ ಒಂದೇ ಪಂದ್ಯದಲ್ಲಿ 70 ಅಂಕ. ಅದಾಗಿ ಎಂಟೇ ದಿನಕ್ಕೆ ಎಡ ಮಂಡಿ ಹೋಯ್ತು. ಆ ಸೆಪ್ಟೆಂಬರ್‌ನಲ್ಲಿ ತಂಡ ಇನ್ನೂ ಮೂರು ವರ್ಷಕ್ಕೆ 193 ಮಿಲಿಯನ್ ಬರೆದುಕೊಟ್ಟಿತು. 2024-25ರಲ್ಲಿ ಅವನು ಆಡಿದ್ದು 19 ಪಂದ್ಯ, ಏಪ್ರಿಲ್‌ನಲ್ಲಿ ಮತ್ತೆ ಮಂಡಿಗೆ ಆಪರೇಷನ್. ಎಂಬೀಡ್ ಎಂವಿಪಿ ಆದರೂ ಆಗಿದ್ದ. ಜಯಾನ್ ಅಲ್ಲಿವರೆಗೂ ಮುಟ್ಟಿಲ್ಲ.

ಕರಾರಿನ ಬೇಲಿ ಬಗ್ಗೆ ಒಂದು ಮಾತು. ಆಡದಿದ್ದರೆ ದುಡ್ಡು ಉಳಿಯುತ್ತೆ, ಸರಿ. ಹೋದ ವರ್ಷಗಳು ಉಳಿಯುತ್ತಾ? ಅವನಿದ್ದರೆ ಆಟವೆಲ್ಲ ಅವನ ಸುತ್ತ. ಅವನು ಚೆಂಡು ಹಿಡಿದು ನುಗ್ಗಬೇಕು, ಉಳಿದ ನಾಲ್ವರು ದಾರಿ ಬಿಟ್ಟು ಅಂಚಿಗೆ ಸರೀಬೇಕು. ಅವನು ಬಿದ್ದ ದಿನದಿಂದ ಆ ನಾಲ್ವರು ಬೇರೆಯೇ ಆಟ ಕಲೀಬೇಕು. ಎರಡು ತಿಂಗಳಲ್ಲಿ ವಾಪಸ್ ಬರ್ತಾನೆ, ಮತ್ತೆ ಹಳೇದು. 2024-25ರಲ್ಲಿ ತಂಡ 21 ಗೆದ್ದು 61 ಸೋತಿತು. ಅದೆಲ್ಲ ಇವನೊಬ್ಬನ ತಲೆಗೆ ಕಟ್ಟೋಕಾಗಲ್ಲ. ಡಿಜಾಂಟೆ ಮರ್ರಿಯ ಹಿಮ್ಮಡಿಯ ನರ ಹರಿದಿತ್ತು, ಟ್ರೇ ಮರ್ಫಿಯ ಭುಜ ಹೋಗಿತ್ತು. ಹಾಗಿದ್ದರೂ ಕಾಯುವವರು ಯಾರಿಗಾಗಿ ಕಾಯ್ತಿದ್ದಾರೆ ಅನ್ನೋದು ಗೊತ್ತಿರಬೇಕಲ್ವಾ? ಮರ್ಫಿ ಒಳ್ಳೆ ಶೂಟರ್, ಇನ್ನೂ ಚಿಕ್ಕವನು. ಹರ್ಬ್ ಜೋನ್ಸ್ ಎದುರಾಳಿಯನ್ನು ಕಟ್ಟಿಹಾಕೋದರಲ್ಲಿ ಎತ್ತಿದ ಕೈ. ಇವರ ಒಳ್ಳೆ ವರ್ಷಗಳು ಜಯಾನ್‌ನ ತೊಡೆಯ ಎಕ್ಸ್‌ರೇ, ಸ್ಕ್ಯಾನ್ ಕಾಯ್ತಾ ಕಳೀತಿವೆ.

2026ರ ಡ್ರಾಫ್ಟ್ ಆಯ್ಕೆ ಅಟ್ಲಾಂಟಾಕ್ಕೆ ಹೋಯ್ತು ಅನ್ನೋದು ಭಾವನ ಗಟ್ಟಿ ವಾದ. ನನಗೂ ಅದಕ್ಕೆ ಸುಲಭದ ಉತ್ತರ ಇಲ್ಲ. ಆದರೆ ಕೈಬಿಟ್ಟ ಆಯ್ಕೆ ವಾಪಸ್ ಪಡೆಯೋ ದಾರಿ ಕೂಡ ಟ್ರೇಡೇ, ಅಂದರೆ ಆಟಗಾರನನ್ನು ಕೊಟ್ಟು ಬದಲಿಗೆ ತರೋದು. ಬೇರೆ ತಂಡದ ಮುಂದಿನ ವರ್ಷಗಳ ಆಯ್ಕೆ ಕೇಳಿ ತರಬೇಕು, ಅದನ್ನು ತರುವಷ್ಟು ದೊಡ್ಡ ಹೆಸರು ಇವರಲ್ಲಿ ಇದೊಂದೇ.

ಇವತ್ತೇ ಕೊಡಿ ಅಂತ ನಾನೂ ಹೇಳಲ್ಲ. 30 ಪಂದ್ಯ ಆಡಿದ ವರ್ಷದ ಮಾರನೇ ತಿಂಗಳು ರೇಟು ಕಮ್ಮಿ ಅನ್ನೋದು ನಿಜ. ಅಕ್ಟೋಬರ್‌ನಲ್ಲಿ ಇಳಿಸಲಿ. ನಿಮಿಷ ಎಣಿಸಿ ಆಡಿಸಲಿ, ಬೆನ್ನು ಬೆನ್ನಿಗೆ ಎರಡು ದಿನ ಪಂದ್ಯ ಬಂದರೆ ಒಂದಕ್ಕೆ ಕೂರಿಸಲಿ. ಈ ಸಲ ಟ್ರೇಡ್ ಮಾಡೋ ಕೊನೆಯ ದಿನ 2026ರ ಫೆಬ್ರವರಿ 5. ಅಲ್ಲಿವರೆಗೆ ಕಾಲು ಗಟ್ಟಿ ಇದ್ದರೆ, ಆ ಎರಡನೇ ಜಿಗಿತ ನೋಡಿ ಆಸೆ ಪಡೋ ತಂಡ ಒಂದಾದರೂ ಇರುತ್ತೆ, ನಮ್ಮ ಭಾವನ ಥರದವರು ಅಮೆರಿಕದಲ್ಲೂ ಇರ್ತಾರೆ. ಪೆಲಿಕನ್ಸ್ ವ್ಯವಹಾರ ಈಗ ಜೋ ಡ್ಯುಮಾರ್ಸ್ ಕೈಯಲ್ಲಿದೆ. ಜನವರಿಯಲ್ಲಿ ಅಂಥ ಫೋನ್ ಬಂದರೆ ಅವರು ಎತ್ತಲಿ, ಎರಡು ಮೊದಲ ಸುತ್ತಿನ ಆಯ್ಕೆ, ದೂರದಿಂದ ಹಾಕಬಲ್ಲ ಒಬ್ಬ ಹುಡುಗ, ಇಷ್ಟು ಕೇಳಲಿ. ಒಂದೂವರೆಗೆ ಇಳಿದರೂ ನಾನಾದರೆ ಕೊಟ್ಟುಬಿಡ್ತೇನೆ.